ಬಾಟಲಿಯಲ್ಲಿಟ್ಟ ಶುಂಠಿ ಬಿಯರ್: ಸಕ್ಕರೆಯ ಕೆಲಸ ಯಾವುದು, ಶಾಖದ ಕೆಲಸ ಯಾವುದು

ಸಾಗರ, ಸೊರಬ, ಶಿಕಾರಿಪುರ, ಹೊಸನಗರದ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಶುಂಠಿ ನಾಟಿ ಮುಗಿದ ಮೇಲೂ ಬೀಜಕ್ಕೆಂದು ತೆಗೆದಿಟ್ಟ ಗಡ್ಡೆ ಮನೆಯಲ್ಲಿ ಒಂದಿಷ್ಟು ಉಳಿದಿರುತ್ತದೆ. 2023ರಲ್ಲಿ ಗಗನಕ್ಕೇರಿದ್ದ ದರ ಆಮೇಲೆ ಇಳಿದದ್ದನ್ನು ಕಂಡವರಿಗೆ, ಅರವತ್ತು ಕೆ.ಜಿ. ಮೂಟೆಯನ್ನು ಸಿಕ್ಕ ಬೆಲೆಗೆ ಕೊಟ್ಟು ಬರುವ ಬದಲು ಮನೆಯಲ್ಲೇ ಏನಾದರೂ ಮಾಡಬಾರದೇಕೆ ಎಂಬ ಯೋಚನೆ ಬಂದರೆ ಆಶ್ಚರ್ಯವಿಲ್ಲ. ಮೊಬೈಲ್ ತೆರೆದರೆ ಶುಂಠಿ ಬಿಯರ್ ಮಾಡುವ ವಿಡಿಯೊಗಳು ಸಾಲುಗಟ್ಟಿ ನಿಂತಿರುತ್ತವೆ. ಶುಂಠಿ, ಸಕ್ಕರೆ, ನಿಂಬೆಹಣ್ಣು, ನೀರು. ಕೊನೆಗೊಂದು ಸಾಲು: ‘ಬಾಟಲಿಗೆ ತುಂಬಿ ಕೋಣೆಯ ಉಷ್ಣಾಂಶದಲ್ಲಿ ಮೂರು ದಿನ ಇಡಿ.’

ಯಾರ ಮನೆಯ ಕೋಣೆ? ಯಾವ ತಿಂಗಳು? ಇಂಥ ಪಾಕವಿಧಾನಗಳಲ್ಲಿ ಬಹಳಷ್ಟು ತಂಪು ದೇಶಗಳಿಂದ ಬಂದವು. ಅಲ್ಲಿ ಕೋಣೆ ಎಂದರೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದೇ ಮೂರು ದಿನವನ್ನು ಆಗುಂಬೆಯ ಜನವರಿಯಲ್ಲಿ ಕಳೆದ ಬಾಟಲಿ ಸಪ್ಪೆ ಪಾನಕವಾಗಿಯೇ ಉಳಿಯಬಹುದು. ಶಿವಮೊಗ್ಗ ನಗರದ ಏಪ್ರಿಲ್‌ನಲ್ಲಿ, ತಾರಸಿಯ ಕೆಳಗಿನ ಅಡುಗೆ ಮನೆಯಲ್ಲಿ ಕಳೆದ ಬಾಟಲಿ ಒಡೆದು ಗಾಜು ಗೋಡೆಗೆ ಚುಚ್ಚಿಕೊಳ್ಳಬಹುದು. ಎರಡಕ್ಕೂ ಕಾರಣ ಒಂದೇ. ಅದನ್ನು ಅರ್ಥ ಮಾಡಿಕೊಳ್ಳಲು ಬಿಯರ್ ತಯಾರಕರು ಬಹಳ ಹಿಂದಿನಿಂದ ಮಾಡಿಕೊಂಡು ಬಂದ ಒಂದು ಲೆಕ್ಕ ನೆರವಾಗುತ್ತದೆ.

ಇದು ಬಿಯರ್ ಹೌದೇ?

ಬಾರ್ಲಿ ಮಾಲ್ಟ್ ಮತ್ತು ಹಾಪ್ಸ್ ಹೂವಿನಿಂದ ಮಾಡುವ ಬಿಯರ್ ಇದಲ್ಲ. ಶುಂಠಿ-ಸಕ್ಕರೆಯ ನೀರನ್ನು ಸ್ವಲ್ಪ ಮಾತ್ರ ಹುದುಗಿಸಿ, ಬಿಗಿಯಾಗಿ ಮುಚ್ಚಿದ ಬಾಟಲಿಯಲ್ಲಿ ತಾನಾಗಿಯೇ ಗುಳ್ಳೆ ತುಂಬಿಕೊಳ್ಳಲು ಬಿಡುವ ಪಾನೀಯ. ಹುದುಗಿದ್ದರಲ್ಲಿ ಮದ್ಯಸಾರ ಇದ್ದೇ ಇರುತ್ತದೆ. ಸೋಡಾದಷ್ಟು ಗುಳ್ಳೆ ಬರುವ ಹೊತ್ತಿಗೆ ಅದು ನೂರಕ್ಕೆ ಅರ್ಧದಿಂದ ಒಂದು ಭಾಗ. ಹಾಗೇ ಬಿಟ್ಟರೆ ಏರುತ್ತಲೇ ಹೋಗುತ್ತದೆ. ಹಾಗಾಗಿ ಮಕ್ಕಳಿಗೆ ಕೊಡುವ ಪಾನಕ ಇದಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ದೇಶದ ಆಹಾರ ಸುರಕ್ಷತಾ ನಿಯಮಗಳು ಮದ್ಯಸಾರ ಶೇ 0.5ನ್ನು ಮೀರಿದ ಪಾನೀಯವನ್ನು ಮದ್ಯದ ಸಾಲಿಗೆ ಸೇರಿಸುತ್ತವೆ. ಮನೆಯಲ್ಲಿ ಮಾಲ್ಟ್ ಬಿಯರ್ ಮಾಡುವುದಂತೂ ಈ ಕಾಯ್ದೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಮುಂದೆ ಬಿಯರ್ ಮಾತು ಬಂದಾಗಲೆಲ್ಲ ಅದು ವಿಜ್ಞಾನ ತಿಳಿಸಲಿಕ್ಕೆ ಬಂದದ್ದು. ಶುಂಠಿಯ ರುಚಿಯಷ್ಟೇ ಬೇಕೆನ್ನುವವರಿಗೆ ಶುಂಠಿ ಪಾಕಕ್ಕೆ ಅಂಗಡಿಯ ಸೋಡಾ ಬೆರೆಸಿಕೊಳ್ಳುವ ದಾರಿ ಇದೆ. ಅದರಲ್ಲಿ ಮದ್ಯಸಾರವೂ ಇಲ್ಲ, ಬಾಟಲಿ ಒಡೆಯುವ ಭಯವೂ ಇಲ್ಲ.

ಗುಳ್ಳೆ ಎಲ್ಲಿಂದ ಬರುತ್ತದೆ

ಯೀಸ್ಟ್ ಎಂಬುದು ಬರಿಗಣ್ಣಿಗೆ ಕಾಣದ ಒಂದು ಬಗೆಯ ಶಿಲೀಂಧ್ರ. ಬೇಕರಿಯವರು ಬ್ರೆಡ್ಡಿಗೆ ಹಾಕುವುದೂ ಇದನ್ನೇ. ಗಡ್ಡೆಯಿಂದ ಮಣ್ಣು ಉದುರಿಸಿ, ಸಿಪ್ಪೆ ಉಳಿಸಿಕೊಂಡು ತುರಿದ ಶುಂಠಿಯನ್ನು ಸಕ್ಕರೆ ನೀರಿನಲ್ಲಿ ಕೆಲವು ದಿನ ಇಟ್ಟರೆ, ಸಿಪ್ಪೆಯ ಮೇಲೆ ಮೊದಲೇ ಇದ್ದ ಕಾಡು ಯೀಸ್ಟ್ ಮತ್ತು ಹುಳಿ ಬರಿಸುವ ಬ್ಯಾಕ್ಟೀರಿಯಾಗಳು ಬೆಳೆದು ಹೆಪ್ಪು ತಯಾರಾಗುತ್ತದೆ. ಗಡ್ಡೆಕೊಳೆ ರೋಗಕ್ಕೆಂದು ಔಷಧಿ ಹಾಕಿದ ಹೊಲದ ಶುಂಠಿಯಾದರೆ ಸಿಪ್ಪೆ ಬಳಸುವ ಆಸೆ ಬಿಡುವುದು ಒಳ್ಳೆಯದು.

ಯೀಸ್ಟ್ ಸಕ್ಕರೆಯನ್ನು ತಿಂದು ಎರಡು ವಸ್ತುಗಳನ್ನು ಹೊರಗೆ ಬಿಡುತ್ತದೆ: ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲ. ತೆರೆದ ಪಾತ್ರೆಯಲ್ಲಿ ಅನಿಲ ಹಾರಿಹೋಗುತ್ತದೆ. ಬಿರಡೆ ಬಿಗಿದ ಬಾಟಲಿಯಲ್ಲಿ ಹೋಗಲು ದಾರಿ ಇಲ್ಲದೆ ದ್ರವದಲ್ಲೇ ಕರಗುತ್ತದೆ. ನಾವು ಇಂದು ಅಂಗಡಿಯಲ್ಲಿ ಕೊಳ್ಳುವ ಸೋಡಾದ ಮೂಲವೂ ಇಲ್ಲೇ ಇದೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್ಲಿ ಬಿಯರ್ ತಯಾರಿಕಾ ಘಟಕದ ಹುದುಗು ತೊಟ್ಟಿಗಳ ಮೇಲೆ ನಿಂತಿರುತ್ತಿದ್ದ ಅನಿಲವನ್ನು ನೀರಿಗೆ ಸೇರಿಸಿ, ಆ ಚುರುಕು ರುಚಿಯ ನೀರನ್ನು ಕುಡಿದು ನೋಡಿದ.

ಎಷ್ಟು ಅನಿಲ ಎಂಬುದು ಸಕ್ಕರೆಯ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿಯೇ. ಸೆಕೆ ಜಾಸ್ತಿಯಾದರೆ ಅನಿಲ ಜಾಸ್ತಿ ಹುಟ್ಟುತ್ತದೆ, ಅದಕ್ಕೇ ಬಾಟಲಿ ಒಡೆಯುತ್ತದೆ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಒಟ್ಟು ಎಷ್ಟು ಅನಿಲ ಹುಟ್ಟಬೇಕು ಎಂಬುದನ್ನು ನಿರ್ಧರಿಸುವುದು ಯೀಸ್ಟ್‌ಗೆ ಸಿಗುವ ಸಕ್ಕರೆ. ಶಾಖ ನಿರ್ಧರಿಸುವುದು ಆ ಅನಿಲ ಎಷ್ಟು ಬೇಗ ಹುಟ್ಟಬೇಕು, ಹುಟ್ಟಿದ್ದು ದ್ರವದಲ್ಲಿ ಕರಗಿರಬೇಕೋ ಬಾಟಲಿಯ ಕತ್ತಿನಲ್ಲಿ ಒತ್ತಿ ನಿಲ್ಲಬೇಕೋ ಎಂಬುದನ್ನು.

ಅಳತೆ ಹೀಗಿದೆ. ಒಂದು ಲೀಟರ್ ದ್ರವದಲ್ಲಿ ಒಂದು ಲೀಟರ್ ಅನಿಲ ಕರಗಿದ್ದರೆ ಅದು ಒಂದು ಪಾಲು. ಸಾಮಾನ್ಯ ಬಿಯರ್‌ನಲ್ಲಿ ಎರಡೂವರೆ ಪಾಲು ಇರುತ್ತದೆ, ಕೋಲಾ ಪಾನೀಯಗಳಲ್ಲಿ ಮೂರೂವರೆಯಿಂದ ನಾಲ್ಕು. ಲೀಟರಿಗೆ ಸುಮಾರು 4 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಒಂದು ಪಾಲು ಅನಿಲ ಸಿಗುತ್ತದೆ.

ಬಿಯರ್ ಮಾಡುವವರು ಮೊದಲು ತೊಟ್ಟಿಯಲ್ಲಿ ಹುದುಗುವಿಕೆಯನ್ನು ಸಂಪೂರ್ಣ ಮುಗಿಸುತ್ತಾರೆ. ಯೀಸ್ಟ್ ತಿನ್ನಬಲ್ಲ ಸಕ್ಕರೆ ಏನೂ ಉಳಿದಿಲ್ಲ ಎಂದು ಸಾಂದ್ರತಾಮಾಪಕದಲ್ಲಿ ಖಚಿತಪಡಿಸಿಕೊಳ್ಳುತ್ತಾರೆ. ಆಗ ಆ ಬಿಯರ್ ಸಪ್ಪೆಯಾಗಿರುತ್ತದೆ. 20 ಡಿಗ್ರಿಯಲ್ಲಿದ್ದರೆ ಅದರಲ್ಲಿ ಉಳಿದಿರುವುದು ಒಂದು ಪಾಲಿಗೂ ಕಡಿಮೆ ಅನಿಲ. ಬಾಟಲಿಗೆ ತುಂಬುವ ಮುನ್ನ ಲೀಟರಿಗೆ ಆರೇಳು ಗ್ರಾಂ ಸಕ್ಕರೆಯನ್ನು ತೂಗಿ ಬೆರೆಸುತ್ತಾರೆ. ಯೀಸ್ಟ್ ಅಷ್ಟನ್ನು ತಿಂದು ಸುಮ್ಮನಾಗುತ್ತದೆ, ಅನಿಲ ಎರಡೂವರೆ ಪಾಲಿಗೆ ನಿಲ್ಲುತ್ತದೆ. ಅಂಥ ಬಾಟಲಿಯನ್ನು 22 ಡಿಗ್ರಿಯಲ್ಲಿಟ್ಟರೂ 28 ಡಿಗ್ರಿಯಲ್ಲಿಟ್ಟರೂ ಅನಿಲದ ಮೊತ್ತ ಬದಲಾಗುವುದಿಲ್ಲ, ತಲುಪುವ ದಿನ ಮಾತ್ರ ಹಿಂದುಮುಂದಾಗುತ್ತದೆ.

ಶುಂಠಿ ಬಿಯರ್‌ನ ಸಂಗತಿಯೇ ಬೇರೆ. ಅದು ಸಿಹಿಯಾಗಿರಬೇಕು, ಹಾಗಾಗಿ ಲೀಟರಿಗೆ ನೂರು ಗ್ರಾಂ ಸಕ್ಕರೆ ಹಾಕಿರುತ್ತೇವೆ. ಅಷ್ಟೂ ಹುದುಗಿದರೆ ಇಪ್ಪತ್ತೈದು ಪಾಲು ಅನಿಲ. ಯಾವ ಬಾಟಲಿಯೂ ಅದನ್ನು ತಾಳುವುದಿಲ್ಲ. ನಮಗೆ ಬೇಕಾದ ಮೂರು ಪಾಲಿಗೆ ಹನ್ನೆರಡು ಗ್ರಾಂ ಸಾಕು. ಉಳಿದ ಎಂಬತ್ತೆಂಟು ಗ್ರಾಂ ಬಾಟಲಿಯಲ್ಲಿ ಯೀಸ್ಟ್‌ನ ಪಕ್ಕದಲ್ಲೇ ಕುಳಿತಿರುತ್ತದೆ. ನಿಲ್ಲಿಸುವವರು ನಾವೇ ಆಗಬೇಕು, ಅದೂ ಸರಿಯಾದ ಹೊತ್ತಿಗೆ. ಬಿಯರ್ ಬಾಟಲಿಗೆ ಸೆಕೆ ಅವಸರವಷ್ಟೇ, ಶುಂಠಿ ಬಿಯರ್ ಬಾಟಲಿಗೆ ಅದೇ ಸೆಕೆ ಅಪಾಯ.

ಶಾಖದ ಎರಡು ಕೆಲಸ

ಮೊದಲನೆಯದು ವೇಗ. ಹತ್ತು ಡಿಗ್ರಿ ಏರಿದರೆ ಯೀಸ್ಟ್‌ನ ಕೆಲಸ ಸುಮಾರು ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಚುರುಕಾಗುತ್ತದೆ. ಸಾಮಾನ್ಯ ಯೀಸ್ಟ್‌ಗೆ 18ರಿಂದ 24 ಡಿಗ್ರಿ ಹಿತ. 12ಕ್ಕಿಂತ ಕೆಳಗೆ ಮಂಕಾಗುತ್ತದೆ, ಫ್ರಿಜ್ಜಿನ 4 ಡಿಗ್ರಿಯಲ್ಲಿ ಬಹುಪಾಲು ನಿದ್ದೆ ಹೋಗುತ್ತದೆ. ಸಾಯುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. 35 ದಾಟಿದರೆ ತಿಣುಕುತ್ತದೆ, ಬೇಡದ ವಾಸನೆ ಬಿಡುತ್ತದೆ. ಕಾಡು ಹೆಪ್ಪಿನಲ್ಲಾದರೆ ಹುಳಿ ಬರಿಸುವ ಬ್ಯಾಕ್ಟೀರಿಯಾಗಳ ಕೈ ಮೇಲಾಗುತ್ತದೆ. ಚುರುಕಾದ ಹೆಪ್ಪು ಹಾಕಿದ ಸಿಹಿ ಶುಂಠಿ ಬಿಯರ್ 22–24 ಡಿಗ್ರಿಯಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನದಲ್ಲಿ ಹದಕ್ಕೆ ಬರುತ್ತದೆ. 30 ದಾಟಿದರೆ ಒಂದು ದಿನ ಸಾಕಾಗಬಹುದು. 16ರಲ್ಲಿ ವಾರ ಬೇಕಾದೀತು.

ಎರಡನೆಯದು ಒತ್ತಡ. ತಣ್ಣನೆಯ ದ್ರವ ಅನಿಲವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಯಾದಂತೆ ಹೊರಗೆ ಬಿಡುತ್ತದೆ. ಎರಡೂವರೆ ಪಾಲು ಅನಿಲವಿರುವ ಒಂದೇ ಬಾಟಲಿಯನ್ನು ತೆಗೆದುಕೊಳ್ಳಿ. ಪೆಟ್ರೋಲ್ ಬಂಕಿನಲ್ಲಿ ಕಾರಿನ ಚಕ್ರಕ್ಕೆ ಗಾಳಿ ಹಾಕಿಸುವಾಗ ಮೂವತ್ತು, ಮೂವತ್ತೆರಡು ಎನ್ನುತ್ತೇವಲ್ಲ, ಅದೇ ಮಾಪಕದಲ್ಲಿ ಹೇಳುವುದಾದರೆ ಫ್ರಿಜ್ಜಿನಲ್ಲಿ ಆ ಬಾಟಲಿಯೊಳಗಿನ ಒತ್ತಡ ಹತ್ತರ ಆಸುಪಾಸು. 20 ಡಿಗ್ರಿಯಲ್ಲಿ ಇಪ್ಪತ್ತೇಳು. 30 ಡಿಗ್ರಿಯಲ್ಲಿ ನಲವತ್ತು. 38 ಡಿಗ್ರಿಯ ಕಾರಿನ ಡಿಕ್ಕಿಯಲ್ಲಿ ಐವತ್ತು. ಒಂದು ಹನಿ ಹೊಸ ಅನಿಲ ಹುಟ್ಟದೆಯೂ ಇಷ್ಟು ಏರುತ್ತದೆ. ತೀರ್ಥಹಳ್ಳಿಯಲ್ಲಿ ಹದವಾಗಿದ್ದ ಬಾಟಲಿಯನ್ನು ಮಧ್ಯಾಹ್ನದ ಬಸ್ಸಿನಲ್ಲಿ ಬೆಂಗಳೂರಿನ ನೆಂಟರಿಗೆ ಒಯ್ಯುವುದು ಏಕೆ ಬೇಡ ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಗಟ್ಟಿಯಾದ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದರೂ ಒಳಗೆ ಸಪ್ಪೆ ಎನಿಸುವುದಕ್ಕೂ ಇಲ್ಲಿ ಉತ್ತರವಿದೆ. ಬೆಚ್ಚಗಿನ ಬಾಟಲಿಯ ಕತ್ತಿನಲ್ಲಿರುವ ಅನಿಲ ತಣ್ಣಗಾದ ದ್ರವಕ್ಕೆ ಇಳಿದು ಕರಗಲು ಸಮಯ ಬೇಕು. ಗಂಟೆ ಹೊತ್ತು ಫ್ರೀಜರಿನಲ್ಲಿಟ್ಟು ತೆರೆದರೆ ನೊರೆ ಉಕ್ಕಿ ಹೋಗುತ್ತದೆ, ಲೋಟದಲ್ಲಿ ಉಳಿಯುವುದು ಸಪ್ಪೆ ನೀರು. ಒಂದು ದಿನ, ಸಾಧ್ಯವಾದರೆ ಎರಡು ದಿನ ಫ್ರಿಜ್ಜಿನಲ್ಲಿ ನಿಲ್ಲಿಸಿ ಇಡಬೇಕು. ಗಸಿಯೂ ಅಷ್ಟರಲ್ಲಿ ತಳಕ್ಕೆ ಕೂರುತ್ತದೆ.

ಬಿಯರ್‌ನಲ್ಲಿ ಬೆಚ್ಚಗಿನ ದಿನಗಳಿಗೆ ಇನ್ನೂ ಒಂದು ಉದ್ದೇಶವಿದೆ. ಎಳೆಯ ಬಿಯರ್‌ಗೆ ಹಸಿ ಸೇಬಿನ ವಾಸನೆಯೋ ಬೆಣ್ಣೆಯ ವಾಸನೆಯೋ ಇರುತ್ತದೆ. ಯೀಸ್ಟ್ ತಾನೇ ಬಿಟ್ಟ ಆ ವಸ್ತುಗಳನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಅದು ನಡೆಯಲು ಶಾಖ ಬೇಕು. ಆದ್ದರಿಂದ 18–24 ಡಿಗ್ರಿಯಲ್ಲಿ ಎರಡು ಮೂರು ವಾರ ಇಟ್ಟು ಆಮೇಲೆ ತಂಪಿಗೆ ಒಯ್ಯುತ್ತಾರೆ. ಹೆಚ್ಚು ಸೆಕೆಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಬಿಯರ್ ಮುದಿಯಾಗಿ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ. ಮೂರು ದಿನದಲ್ಲಿ ಮುಗಿಯುವ ಶುಂಠಿ ಬಿಯರ್‌ಗೆ ಈ ಚಿಂತೆ ಇಲ್ಲ.

ಮನೆಯಲ್ಲಿ ಬಾಟಲಿಗೆ ಜಾಗ

ಮಲೆನಾಡಿನ ಹಳೆಯ ಮನೆಯಲ್ಲಿ ಇಡಬೇಕಾದ ವಸ್ತುವನ್ನೆಲ್ಲ ಅಟ್ಟಕ್ಕೆ ಏರಿಸುವುದು ರೂಢಿ. ಬೇಸಿಗೆಯಲ್ಲಿ ಈ ಬಾಟಲಿಗಳಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಹೆಂಚು ಕಾದು, ಕೆಳಗಿನ ಗಾಳಿ ಅಲ್ಲಾಡದೆ ನಿಂತು, ಮಧ್ಯಾಹ್ನ ಮೂರರ ಹೊತ್ತಿಗೆ ಅಟ್ಟ ನಲವತ್ತು ಡಿಗ್ರಿ ದಾಟಬಹುದು. ಬೆಳಗಿನ ಜಾವ ಇಪ್ಪತ್ತೆರಡಕ್ಕೆ ಇಳಿಯುತ್ತದೆ. ಈ ಏರಿಳಿತದಲ್ಲಿ ಬಾಟಲಿ ಯಾವಾಗ ಹದಕ್ಕೆ ಬಂತು, ಯಾವಾಗ ಮೀರಿತು ಎಂದು ಹೇಳುವವರು ಯಾರೂ ಇಲ್ಲ. ಅದೇ ಮನೆಯ ನಡುವಿನ ಕತ್ತಲೆ ಕೋಣೆ, ದಪ್ಪ ಮಣ್ಣಿನ ಗೋಡೆಯ ಬುಡದ ನೆಲ, ದಿನವಿಡೀ ಎರಡು ಮೂರು ಡಿಗ್ರಿಗಿಂತ ಹೆಚ್ಚು ಹೊಯ್ದಾಡುವುದಿಲ್ಲ. ಬಾಟಲಿಗೆ ಬೇಕಾದದ್ದು ಆ ನೆಮ್ಮದಿ.

ತಾರಸಿ ಮನೆಯಲ್ಲಿ ಲೆಕ್ಕ ಬೇರೆ. ಹಗಲು ಕಾದ ಕಾಂಕ್ರೀಟ್ ರಾತ್ರಿಯಿಡೀ ಒಳಗೆ ಶಾಖ ಬಿಡುತ್ತಿರುತ್ತದೆ, ಮೇಲಿನ ಮಹಡಿಯ ಕೋಣೆ ಮಧ್ಯರಾತ್ರಿಯಲ್ಲೂ ತಣಿಯುವುದಿಲ್ಲ. ಅಲ್ಲಿರುವವರು ನೆಲಮಹಡಿಯ ಒಳಗೋಡೆ ಹುಡುಕಬೇಕು. ಫ್ರಿಜ್ಜಿನ ಹಿಂಬದಿ, ಒಲೆಯ ಮೇಲಿನ ಕಪಾಟು, ಬಿಸಿಲು ಬೀಳುವ ಕಿಟಕಿ ಮೂರೂ ಬೇಡ.

ಕೋಣೆಯ ಗಾಳಿಯನ್ನು ಅಳೆಯುವುದಕ್ಕಿಂತ ಬಾಟಲಿಯೊಳಗಿನ ಶಾಖ ಅಳೆಯುವುದು ಮೇಲು. ಅದೇ ಅಳತೆಯ ಇನ್ನೊಂದು ಬಾಟಲಿಗೆ ಬರೀ ನೀರು ತುಂಬಿ ಪಕ್ಕದಲ್ಲಿಡಿ. ಬೆಳಿಗ್ಗೆ ಏಳುವಾಗ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಥರ್ಮಾಮೀಟರ್ ಇಳಿಸಿ ನೋಡಿ. ಜ್ವರ ನೋಡುವ ಥರ್ಮಾಮೀಟರ್ 35ರಿಂದ ಆರಂಭವಾಗುವುದರಿಂದ ಇಲ್ಲಿ ಉಪಯೋಗವಿಲ್ಲ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯ ಗಾಜಿನದ್ದು ಸಾಕು.

ಬೇಸಿಗೆಯಲ್ಲಿ ಕೋಣೆಯೇ 30 ದಾಟಿದಾಗ ಬಾಟಲಿಗಳನ್ನು ಕತ್ತಿನವರೆಗೆ ನೀರಿರುವ ಬಕೆಟ್ಟಿನಲ್ಲಿ ನಿಲ್ಲಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಅದರ ಅಂಚು ನೀರಿನಲ್ಲಿ ಅದ್ದಿರುವಂತೆ ಬಿಟ್ಟರೆ ಕೆಲವು ಡಿಗ್ರಿ ಇಳಿಯುತ್ತದೆ. ನೀರು ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿರುವ ಶಿವಮೊಗ್ಗ, ಶಿಕಾರಿಪುರದ ಬಯಲಿನ ಏಪ್ರಿಲ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಘಟ್ಟದ ಅಂಚಿನ ಜುಲೈನಲ್ಲಿ ಗೋಣಿ ಒದ್ದೆಯಾಗಿಯೇ ಇರುತ್ತದೆ, ಏನೂ ತಣಿಸುವುದಿಲ್ಲ.

ಜುಲೈನಲ್ಲಿ ತಣಿಸುವ ಅಗತ್ಯವೂ ಇಲ್ಲ. ಮಳೆಗಾಲದ ಮಲೆನಾಡಿನ ಹಗಲು-ರಾತ್ರಿ ಇಪ್ಪತ್ತರಿಂದ ಇಪ್ಪತ್ತೈದರ ನಡುವೆಯೇ ಸುಳಿದಾಡುವುದರಿಂದ, ಬಾಟಲಿಗೆ ವರ್ಷದಲ್ಲೇ ಒಳ್ಳೆಯ ಕಾಲ ಅದು ಎನ್ನಬೇಕು. ಬಟ್ಟೆ ಒಣಗದೆ ಬೇಸತ್ತವರು ಇದನ್ನು ಒಪ್ಪದಿರಬಹುದು. ಚಳಿಗಾಲದಲ್ಲಿ ಗುಳ್ಳೆ ಬರಲು ತಡವಾದರೆ ಬಚ್ಚಲು ಮನೆಯ ಗೋಡೆಗೆ ತಾಗಿದ ಕೋಣೆ ನೋಡಿಕೊಳ್ಳಿ. ಹಂಡೆ ಒಲೆಯ ಬಿಸಿ ಗೋಡೆ ದಾಟಿ ಹಿತವಾಗಿ ಬರುತ್ತದೆ. ಒಲೆಯ ಕಟ್ಟೆಯ ಮೇಲೇ ಇಡುವುದು ಬೇಡ.

ಯಾವ ಬಾಟಲಿ

ಜೇನು, ವಿನೆಗರ್, ಸ್ಕ್ವಾಷ್ ಬಂದ ಗಾಜಿನ ಬಾಟಲಿಗಳು ಒತ್ತಡಕ್ಕೆಂದು ಮಾಡಿದವಲ್ಲ. ಅವು ಬೇಡವೇ ಬೇಡ. ಚೌಕಾಕಾರದ ಬಾಟಲಿ ನೋಡಲು ಚಂದ, ಆದರೆ ಒತ್ತಡವೆಲ್ಲ ಮೂಲೆಗಳಲ್ಲಿ ಸೇರಿ ಅಲ್ಲೇ ಸೀಳುತ್ತದೆ. ಬಿಯರ್ ಬಾಟಲಿಯ ಗಾಜು ದಪ್ಪವಿದ್ದರೂ ಒಂದು ಗೀಚು, ಒಂದು ಬಿರುಕು ಇದ್ದರೆ ನಂಬುವಂತಿಲ್ಲ.

ಹೊಸಬರಿಗೆ ನನ್ನ ಮತ ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಗೆ. ಕುಡಿಯುವ ನೀರಿನ ತೆಳು ಬಾಟಲಿ ಅಲ್ಲ. ತಿರುಗಿಸಿ ತಳ ನೋಡಿ: ಸೋಡಾ, ಕೋಲಾ ಬಾಟಲಿಗಳ ತಳ ಐದು ಉಬ್ಬುಗಳಾಗಿ, ಹೂವಿನ ಎಸಳಿನಂತೆ ಇರುತ್ತದೆ, ಒತ್ತಡವನ್ನು ಹಂಚಿಕೊಳ್ಳಲೆಂದೇ ಆ ಆಕಾರ. ಬಿರಡೆಯ ಕೆಳಗೆ ಎರಡು ಬೆರಳಷ್ಟು ಜಾಗ ಬಿಟ್ಟು ತುಂಬಿ. ಮೊದಲ ದಿನ ಹೆಬ್ಬೆರಳಿನಲ್ಲಿ ಒತ್ತಿದರೆ ಹೊಟ್ಟೆ ಸದ್ದು ಮಾಡುತ್ತಾ ಒಳಗೆ ಹೋಗುತ್ತದೆ. ದಿನ ಕಳೆದಂತೆ ಗಟ್ಟಿಯಾಗುತ್ತದೆ. ಅಂಗಡಿಯಿಂದ ತಂದ, ಇನ್ನೂ ತೆರೆಯದ ಸೋಡಾ ಬಾಟಲಿಯಷ್ಟೇ ಗಟ್ಟಿಯಾಯಿತೆಂದರೆ ಹದ ಬಂತು, ಫ್ರಿಜ್ಜಿಗೆ ಸೇರಿಸಬೇಕು. ತಳದ ಉಬ್ಬುಗಳು ಹೊರಗೆ ತಳ್ಳಿ, ನಿಲ್ಲಿಸಿದ ಬಾಟಲಿ ಮೇಜಿನ ಮೇಲೆ ಓಲಾಡತೊಡಗಿದರೆ ಹದ ಮೀರಿದೆ.

ಗಾಜಿನಲ್ಲೇ ತುಂಬುವವರು ಒಂದು ಪ್ಲಾಸ್ಟಿಕ್ ಬಾಟಲಿಯನ್ನಾದರೂ ಜೊತೆಗೆ ತುಂಬಿ ಪಕ್ಕದಲ್ಲೇ ನಿಲ್ಲಿಸುವುದು ಲೇಸು. ಗಾಜು ತನ್ನ ಸ್ಥಿತಿಯನ್ನು ಹೊರಗೆ ತೋರಿಸುವುದಿಲ್ಲ. ಅದರ ಪರವಾಗಿ ಪ್ಲಾಸ್ಟಿಕ್ ಹೇಳುತ್ತದೆ. ಎರಡೂ ಒಂದೇ ದಿನ, ಒಂದೇ ಪಾತ್ರೆಯಿಂದ ತುಂಬಿ ಒಂದೇ ಜಾಗದಲ್ಲಿ ಇದ್ದಾಗ ಮಾತ್ರ ಈ ಸಾಕ್ಷಿಗೆ ಬೆಲೆ.

ಕರೆಂಟು ಹೋದರೆ

ಫ್ರಿಜ್ಜಿಗೆ ಸೇರಿಸಿದ ಮೇಲೆ ಕೆಲಸ ಮುಗಿಯಿತು ಎನ್ನುವಂತಿಲ್ಲ. ಅಲ್ಲಿಯೂ ಒತ್ತಡ ನಿಧಾನವಾಗಿ ಏರುತ್ತದೆ, ಹಾಗಾಗಿ ಒಂದೆರಡು ವಾರದಲ್ಲಿ ಕುಡಿದು ಮುಗಿಸುವುದು ವಾಸಿ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಒಳಹಳ್ಳಿಗಳಲ್ಲಿ ಎರಡು ಮೂರು ದಿನ ಕರೆಂಟು ಇಲ್ಲದಿರುವುದು ಹೊಸ ಸಂಗತಿಯೇನಲ್ಲ. ಆಗ ಫ್ರಿಜ್ಜು ಬೀಗ ಹಾಕಿದ ಕಪಾಟಿನಂತೆ ನಿಲ್ಲುತ್ತದೆ. ಒಳಗಿನ ಬಾಟಲಿ ಕ್ರಮೇಣ 22 ಡಿಗ್ರಿಗೆ ಏರುತ್ತದೆ. ಒಂದು ಕಡೆ ಕರಗಿದ್ದ ಅನಿಲ ಹೊರಬಂದು ಒತ್ತಡ ಹೆಚ್ಚುತ್ತದೆ, ಇನ್ನೊಂದು ಕಡೆ ಮಲಗಿದ್ದ ಯೀಸ್ಟ್ ಎದ್ದು ಉಳಿದ ಸಕ್ಕರೆಗೆ ಕೈ ಹಾಕುತ್ತದೆ. ಮೊದಲ ದಿನ, ಬಾಟಲಿ ಇನ್ನೂ ತಣ್ಣಗಿರುವಾಗಲೇ ಬಿರಡೆಯನ್ನು ಸ್ವಲ್ಪ ಸಡಿಲಿಸಿ, ಸುಯ್ ಎಂದು ಅನಿಲ ಹೋದ ಮೇಲೆ ಮತ್ತೆ ಬಿಗಿಯಬೇಕು. ಕರೆಂಟು ಬರುವವರೆಗೆ ದಿನಕ್ಕೆ ಎರಡು ಬಾರಿ ಹೀಗೆ ಮಾಡುವುದು. ಗುಳ್ಳೆ ಕಡಿಮೆಯಾಗುತ್ತದೆ, ಆಗಲಿ.

ಬಿಗಿದು ನಿಂತ ಗಾಜಿನ ಬಾಟಲಿ

ಮರೆತುಹೋದ ಗಾಜಿನ ಬಾಟಲಿಯೊಂದು ಅಟ್ಟದಲ್ಲೋ ಕಪಾಟಿನಲ್ಲೋ ಸಿಕ್ಕರೆ, ಪಕ್ಕದ ಪ್ಲಾಸ್ಟಿಕ್ ಬಾಟಲಿ ಕಲ್ಲಿನಂತಾಗಿದ್ದರೆ, ಗಾಜನ್ನು ಅಲುಗಾಡಿಸುವುದಾಗಲೀ ಆಗಲೇ ತೆರೆಯುವುದಾಗಲೀ ಬೇಡ. ಮಕ್ಕಳನ್ನು ಆಚೆ ಕಳಿಸಿ, ಕಣ್ಣಿಗೆ ಕನ್ನಡಕವೋ ಹೆಲ್ಮೆಟ್ಟಿನ ಗಾಜೋ ಇರಲಿ. ಉದ್ದ ತೋಳಿನ ಅಂಗಿ, ದಪ್ಪ ಕೈಗವಸು ಹಾಕಿಕೊಳ್ಳಿ. ಬಾಟಲಿಯ ಮೇಲೆ ಒದ್ದೆ ಗೋಣಿಚೀಲವನ್ನು ಎರಡು ಮೂರು ಸುತ್ತು ಸುತ್ತಿ, ಮುಚ್ಚಳವಿರುವ ಬಕೆಟ್ಟಿನಲ್ಲಿಟ್ಟು ತಂಪಾದ ಜಾಗಕ್ಕೆ ಒಯ್ಯಿರಿ. ಐಸ್ ಇದ್ದರೆ ಸುತ್ತ ಹಾಕಬಹುದು, ಆದರೆ ಮೊದಲು ತಣ್ಣೀರು, ಆಮೇಲೆ ಐಸ್. ಕಾದ ಗಾಜಿಗೆ ಒಮ್ಮೆಲೇ ಐಸ್ ತಾಗಿದರೆ ಬಿರುಕು ಬಿಡಬಹುದು. ಕೆಲವು ಗಂಟೆ ಚೆನ್ನಾಗಿ ತಣಿದ ಮೇಲೆ ಅಂಗಳದಲ್ಲಿ, ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ಗೋಣಿಯ ಒಳಗಿನಿಂದಲೇ ಬಿರಡೆಯನ್ನು ಕೂದಲೆಳೆಯಷ್ಟು ಸಡಿಲಿಸಿ ಕೈ ತೆಗೆಯಿರಿ. ಸದ್ದು ಪೂರ್ತಿ ನಿಲ್ಲುವವರೆಗೆ ಮತ್ತೆ ಮುಟ್ಟಬೇಡಿ. ಒಳಗಿದ್ದದ್ದು ಅಷ್ಟರಲ್ಲಿ ಬಹುಪಾಲು ನೊರೆಯಾಗಿ ಗೋಣಿಗೆ ಹೋಗಿರುತ್ತದೆ. ಉಳಿದದ್ದನ್ನು ತೆಂಗಿನ ಬುಡಕ್ಕೆ ಸುರಿದು, ಆ ಬಾಟಲಿಯನ್ನು ಮತ್ತೆ ಬಳಸದೆ ಗುಜರಿಗೆ ಹಾಕಿ.